ವೈನಿ ಹೇಳಿದ ಡರ್ಬಿ ಭವಿಷ್ಯ

ಸ್ಟುಟ್‌ಗಾರ್ಟಿನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಒಬ್ಬರೇ ಒಬ್ಬರಿದ್ದರು. ಅವರು ಬಾಗಲಕೋಟೆಯವರು, ಇಲಕಲ್ ಸೀರೆ ಉಡುತ್ತಿದ್ದರು, ಮೇಲಾಗಿ ನನಗೆ ಖಾಸಾ ವೈನಿ, ಅಂದರೆ ನಮ್ಮ ಅಣ್ಣನ ಹೆಂಡತಿ. ಪ್ರತಿ ಮ್ಯಾಚಿಗೆ ಮುಂಚೆ ಯಾರು ಗೆಲ್ಲುತ್ತಾರೆ, ಯಾಕೆ ಗೆಲ್ಲುತ್ತಾರೆ, ಸೋತವರು ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ ಎನ್ನುವವರೆಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಹೇಳಿದ್ದು ಒಂದೂ ನಿಜವಾಗುತ್ತಿರಲಿಲ್ಲ ಎಂಬುದು ಬೇರೆ ಮಾತು!

ನಗಬೇಡಿ. ಪ್ರತಿ ಸಲವೂ ತಪ್ಪು ಹೇಳುವುದು ಸುಲಭವೇನ್ರಿ? ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಆಗೊಮ್ಮೆ ಈಗೊಮ್ಮೆ ಸರಿ ಬರುತ್ತದೆ. ನಮ್ಮ ವೈನಿಗೆ ಆಗೊಮ್ಮೆಯೂ ಇಲ್ಲ, ಈಗೊಮ್ಮೆಯೂ ಇಲ್ಲ!

"ಗ್ರೀನ್ ಕಾರ್ಡ್ ಕೊಡುತ್ತೇವೆ, ಕಂಪ್ಯೂಟರ್ ಬಲ್ಲವರೆಲ್ಲ ಬನ್ನಿ" ಎಂದು ಜರ್ಮನಿ ಕೈಬೀಸಿ ಕರೆದ ಕಾಲವದು. ಅಣ್ಣ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್ ಬಡಾವಣೆಯ ದೊಡ್ಡ ಕಾರ್ಖಾನೆಗೆ ಬಂದಿದ್ದ. ಅವನ ಬೆನ್ನಿಗೇ ನಾನೂ ಒಂದು ಸಾಫ್ಟ್‌ವೇರ್ ಕಂಪನಿಗೆ ಬಂದು ಬಿದ್ದೆ. ನಮ್ಮನ್ನು ಅಷ್ಟು ಅಕ್ಕರೆಯಿಂದ ಕರೆದ ಸರ್ಕಾರ ವೈನಿಯ ಪಾಸ್‌ಪೋರ್ಟಿನ ಮೇಲೆ ಮಾತ್ರ ಕೆಲಸ ಮಾಡುವಂತಿಲ್ಲ ಎಂದು ಮುದ್ರೆ ಒತ್ತಿತ್ತು. ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾ, ಇಡೀ ಕ್ಲಾಸನ್ನು ಒಂದು ಕೆಮ್ಮಿನಲ್ಲಿ ಗಪ್ಪು ಮಾಡುತ್ತಿದ್ದ ಹೆಂಗಸು ಇಲ್ಲಿ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೆಳಗಿನ ಮೈದಾನ ನೋಡುತ್ತಾ ದಿನ ತಳ್ಳಬೇಕಾಯಿತು. ಕೆಮ್ಮಿದರೂ ಕೇಳುವವರಿಲ್ಲ.

ಒಂದು ಶನಿವಾರ ವೈನಿ ರೊಟ್ಟಿ ಬಡಿಯುತ್ತಿದ್ದಾಗ ಕೆಳಗೆ ಭಾರೀ ಗದ್ದಲವೆದ್ದಿತು. ಬಗ್ಗಿ ನೋಡಿದರೆ ದಾಂಡಿಗರು ಒಬ್ಬರ ಹೆಗಲ ಮೇಲೊಬ್ಬರು ಹಾರಿ ಬೀಳುತ್ತಿದ್ದಾರೆ! "ಅಯ್ಯ ಶಿವನ! ಹೊಡದಾಡಾಕತ್ತಾರ, ಒಬ್ಬರರ ಬಿಡಸಾಕ ಬರವಲ್ರು!" ಎಂದವರೇ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡೇ ಮೆಟ್ಟಿಲಿಳಿದು ಓಡಿದರು. ಊಟಕ್ಕೆ ಕಾದು ಕೂತಿದ್ದ ನಾನೂ ಹಿಂದೆಯೇ ಓಡಿದೆ. ವೈನಿ ನೇರ ಮೈದಾನದ ನಡುವೆ ನುಗ್ಗಿ, ಕಲಿತಿದ್ದ ಜರ್ಮನ್ನನ್ನೆಲ್ಲ ಒಟ್ಟುಗೂಡಿಸಿ, "ಹಾಲ್ಟ್! ಹಾಲ್ಟ್! ಬಿಡ್ರಿ ಅವನ್ನ!" ಎಂದು ಗದರಿದರು.

ಎಲ್ಲರೂ ನಿಂತರು. ಬಾಗಲಕೋಟೆಯ ಗಂಟಲು ಅಂದರೆ ಸುಮ್ಮನೆ ಅಲ್ಲ.

ಅಲ್ಲಿ ಆಡುತ್ತಿದ್ದ ತಂಡದ ಕ್ಯಾಪ್ಟನ್ ಜರ್ಮನ್ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಬಡಗಿ ಕೆಲಸ ಮಾಡಿಕೊಂಡಿದ್ದ ಆಸ್ಟ್ರೇಲಿಯಾದ ಆಸಾಮಿ. ಅವನು ವಿನಯದಿಂದ ಇಂಗ್ಲಿಷಿನಲ್ಲಿ ವಿವರಿಸಿದ, ನಾನು ನಡುವೆ ನಿಂತು ಅತ್ತಿಂದಿತ್ತ ಅನುವಾದ ಮಾಡಿದೆ. ಇದು ಜಗಳವಲ್ಲ ತಾಯಿ, ಆಟ. ಹಾರಿ ಚೆಂಡು ಹಿಡಿಯುವುದೇ ಇದರ ಸೊಗಸು. ಆ ಕಡೆ ಈ ಕಡೆ ನಾಲ್ಕು ನಾಲ್ಕು ಕಂಬಗಳಿವೆಯಲ್ಲ, ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ತಪ್ಪಿ ಅವುಗಳ ಪಕ್ಕದಲ್ಲಿ ಹೋದರೆ ಒಂದು.

"ತಪ್ಪಿದ್ರೂ ಒಂದು ಮಾರ್ಕು?" ವೈನಿಗೆ ನಂಬಿಕೆ ಬರಲಿಲ್ಲ.

"ಹೌದು."

"ಪ್ರಯತ್ನ ಮಾಡಿದ್ದಕ್ಕ?"

"ಹಾಗೇ ಅಂದುಕೊಳ್ಳಿ."

ಅಷ್ಟೇ, ಗಣಿತದ ಟೀಚರು ಕರಗಿ ನೀರಾದರು. "ನೋಡು ತಮ್ಮಾ, ಈ ದೇಶದಾಗ ಅರ್ಜಿಯೊಳಗ ಒಂದು ಅಕ್ಷರ ತಪ್ಪಿದ್ರ ವಾಪಸ್ ಕಳಸ್ತಾರ. ತಪ್ಪಿದವಗೂ ಮಾರ್ಕು ಕೊಡೋ ಪುಣ್ಯಾತ್ಮರು ಇವರೊಬ್ಬರ ಇದ್ದಾರ!"

ಅಂದಿನಿಂದ ಆ ತಂಡ ವೈನಿಯ ತಂಡವಾಯಿತು. ತಂಡದ ಹೆಸರು 'ಕಾಡುಹಂದಿಗಳು'. ವೈನಿಯ ಬಾಯಲ್ಲಿ ಆ ಹೆಸರು ಹೇಗೆ ಬಂದೀತು? 'ವರಾಹಸ್ವಾಮಿಗಳು' ಎಂದು ನಾಮಕರಣ ಮಾಡಿದರು. ಮೈಮೇಲೆ ಹಚ್ಚೆ ಹಾಕಿಸಿಕೊಂಡು ಬಿಯರ್ ಕುಡಿಯುವ ಆ ಸ್ವಾಮಿಗಳು, ಬಡಗಿ ಕ್ಯಾಪ್ಟನ್, ಬ್ಯಾಂಕಿನಲ್ಲಿ ಕೆಲಸ ಮಾಡುವವನೊಬ್ಬ ಎಲ್ಲ ಸೇರಿ, ಒಟ್ಟು ಒಂಬತ್ತು ಮಂದಿ.

ಶುಕ್ರವಾರ ಸಂಜೆ ಮೈದಾನದ ಪಕ್ಕದ ಕ್ಲಬ್ ಕೋಣೆಯಲ್ಲಿ ವೈನಿಯಿಂದ ಊಟ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಊಟವಾದ ಮೇಲೆ ವೈನಿ ಎದ್ದು ನಿಂತು ಮರುದಿನದ ಮ್ಯಾಚಿನ ಮುನ್ನೋಟ ಹೇಳುವುದು, ನಾನು ಅದನ್ನು ಇಂಗ್ಲಿಷ್ ಮಾಡುವುದು. ಅವರ ಶಾಸ್ತ್ರವೆಲ್ಲ ಊಟದ ಮೇಲೆ ನಿಂತಿತ್ತು. ರೊಟ್ಟಿಯನ್ನು ಕೈಯಲ್ಲಿ ಮುರಿದು ತಿನ್ನುವವನು ಚೆಂಡು ಬಿಡುವುದಿಲ್ಲ. ಚಟ್ನಿಗೆ ಕಣ್ಣೀರು ಹಾಕುವವನು ಆಟದ ನಾಲ್ಕನೇ ಕ್ವಾರ್ಟರ್, ಅಂದರೆ ಕೊನೆಯ ಕಾಲುಭಾಗದ ಹೊತ್ತಿಗೆ ಕೂತುಬಿಡುತ್ತಾನೆ. ಹೈಡೆಲ್‌ಬರ್ಗಿನಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಸಂಶೋಧಕ ರೊಟ್ಟಿಯನ್ನು ಚಾಕು ಚಮಚದಲ್ಲಿ ಕತ್ತರಿಸಿ ತಿನ್ನುತ್ತಿದ್ದ. "ಇವಾ ಉಪಯೋಗಿಲ್ಲ" ಎಂದು ವೈನಿ ತೀರ್ಪು ಕೊಟ್ಟರು. ನಾನು ಅದನ್ನು "ನಿನ್ನ ಮೇಲೆ ಬಹಳ ಭರವಸೆಯಿದೆಯಂತೆ" ಎಂದು ಅನುವಾದಿಸಿದೆ. ಮರುದಿನ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು ಅವನೇ!

ಇನ್ನೊಮ್ಮೆ ರೇಗನ್ಸ್‌ಬರ್ಗಿನ ತಂಡ ಬರುವುದಿತ್ತು. "ತಾಸುಗಟ್ಟಲೆ ಬಸ್ಸಿನಾಗ ಕುಂತು ಕಾಲು ಜೋಮು ಹಿಡದಿರತಾವ. ಪಾಪ, ಅವರಿಗೆ ಓಡಾಕ ಆಗಂಗಿಲ್ಲ" ಎಂದರು ವೈನಿ. ಅವರು ಓಡಿದರು ನೋಡಿ, ನಮ್ಮ ವರಾಹಸ್ವಾಮಿಗಳಿಗೆ ಅವರ ಬೆನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ವೈನಿ ಕಿಂಚಿತ್ತೂ ಅಳುಕಲಿಲ್ಲ. "ನಾ ಹೇಳಿದ್ದು ಸರೀನ ಇತ್ತು. ಅವರು ಆಡಿದ್ದು ತಪ್ಪು" ಎಂದುಬಿಟ್ಟರು.

ಹೀಗಿರುವಾಗ ಡರ್ಬಿ, ಅಂದರೆ ಒಂದೇ ಊರಿನ ಎರಡು ತಂಡಗಳ ಜಿದ್ದಿನ ಮ್ಯಾಚು ಬಂತು.

ನೆಕ್ಕರ್ ನದಿಯ ಆಚೆ ದಡದಲ್ಲಿ ಇನ್ನೊಂದು ತಂಡವಿತ್ತು, 'ಕೊಕ್ಕರೆಗಳು' ಅಂತ. ಒಂದೇ ಊರು, ನಡುವೆ ಒಂದು ಹೊಳೆ, ಹಾವು ಮುಂಗುಸಿಯ ಸಂಬಂಧ. ಬೇರೆ ಯಾರ ಕೈಯಲ್ಲಿ ಸೋತರೂ ನಮ್ಮವರು ಮರುದಿನ ಮರೆಯುತ್ತಿದ್ದರು, ಕೊಕ್ಕರೆಗಳಿಗೆ ಸೋತರೆ ವರ್ಷವಿಡೀ ಮುಖ ಎತ್ತುತ್ತಿರಲಿಲ್ಲ. ನಮ್ಮವರು ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ಆ ವಾರ ಕ್ಯಾಪ್ಟನ್ ಮನೆಗೇ ಬಂದ. ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ವಿಷಯಕ್ಕೆ ಬಂದ. ಈ ಸಲ ವೈನಿ ದಯವಿಟ್ಟು ಕೊಕ್ಕರೆಗಳೇ ಗೆಲ್ಲುತ್ತಾರೆ ಎಂದು ಭವಿಷ್ಯ ಹೇಳಬೇಕಂತೆ!

"ಯಾಕಂತ?" ವೈನಿ ಕೇಳಿದರು.

"ಅದೊಂದು... ತಂತ್ರವಂತ್ರಿ" ಎಂದೆ. ನಿಜವಾದ ಕಾರಣ ಹೇಳುವ ಧೈರ್ಯ ಯಾರಿಗಿದೆ?

"ಬಿಡ್ತು ಅನ್ನು! ನನ್ನ ಬಾಯಿಲೆ ನನ್ನ ಹುಡುಗ್ರು ಸೋಲತಾರ ಅಂತ ಹೆಂಗ ಅನ್ಲಿ? ಮ್ಯಾಲೆ ದೇವತೆಗಳು ಅಸ್ತು ಅಂದ್ರ ಏನ್ ಗತಿ?"

ಇದನ್ನು ಕ್ಯಾಪ್ಟನ್‌ಗೆ ಹೇಗೆ ತಿಳಿಸುವುದು? ನಾವು ಕೆಟ್ಟದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆಡಿದ ಮಾತಿಗೆ ಮೇಲಿನವರು ಹೂಂ ಎಂದುಬಿಡುತ್ತಾರೆ, ಅದಕ್ಕೇ ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಾಗಿದೆ' ಅನ್ನುತ್ತೇವೆ, ದೀಪ ಆರಿಸುವುದಕ್ಕೆ 'ದೊಡ್ಡದು ಮಾಡು' ಅನ್ನುತ್ತೇವೆ ಎಂದು ವಿವರಿಸಿದೆ. ಅವನು ಗಡ್ಡ ಕೆರೆದುಕೊಂಡ.

"ಹಾಗಾದರೆ ಅಕ್ಕಿ ನಿಜವಾಗಿ ಹೆಚ್ಚಾದರೆ ಏನನ್ನುತ್ತೀರಿ?"

ನಮ್ಮ ವಂಶದಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ! ನಾನು ಅವನಿಗೆ ಇನ್ನೊಂದು ಕಪ್ ಚಹಾ ಬಗ್ಗಿಸಿದೆ.

ಅಣ್ಣ ಪೇಪರಿನಿಂದ ತಲೆ ಎತ್ತಿ, "ಒಂದು ಮಾತು ಅಂದಬಿಡು. ನಿನ್ನ ಗಂಟೇನು ಹೋಗತೈತಿ?" ಎಂದ. "ನೀವು ಸುಮ್ನಿರ್ರಿ" ಎಂದು ವೈನಿ ಅವನನ್ನು ಮತ್ತೆ ಪೇಪರಿನೊಳಕ್ಕೆ ಕಳಿಸಿದರು.

ನಾನು ಕೊನೆಯ ಅಸ್ತ್ರ ಬಿಟ್ಟೆ. "ವೈನಿ, ಜರ್ಮನ್ನಿನಾಗ ಅಂದಬಿಡ್ರಿ. ಅಸ್ತು ದೇವತೆಗಳಿಗೆ ಜರ್ಮನ್ ಎಲ್ಲಿ ತಿಳೀತೈತಿ?"

"ನಮ್ಮ ಜೋಡಿ ಅವರೂ ಬಂದಿರತಾರ. ನಿನಗಿಂತ ಚಲೋ ಕಲತಿರತಾರ!"

ಕ್ಯಾಪ್ಟನ್ ಬಂದ ದಾರಿಗೆ ಸುಂಕವಿಲ್ಲದಂತೆ ಎದ್ದುಹೋದ.

ಮರುದಿನ ಬಾಗಿಲಲ್ಲಿ ಇನ್ನೊಬ್ಬ ಉದ್ದನೆಯ ಆಸಾಮಿ, ಕೈಯಲ್ಲಿ ದೊಡ್ಡ ಹೂಗುಚ್ಛ. ಕೊಕ್ಕರೆಗಳ ಕ್ಯಾಪ್ಟನ್! ಅವನು ನಗುನಗುತ್ತಾ, ವೈನಿಗೆ ತಿಳಿಯಲೆಂದು ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದ. "ಮೇಡಂ, ದಯವಿಟ್ಟು ಈ ಸಲವೂ ನಿಮ್ಮವರೇ ಗೆಲ್ಲುತ್ತಾರೆ ಎಂದು ಹೇಳಿ. ನೀವು ಹೇಳಿದ್ದು ಯಾವಾಗಲೂ ಉಲ್ಟಾ ಆಗುತ್ತದಂತಲ್ಲ, ನಮ್ಮ ಹುಡುಗರಿಗೆ ಧೈರ್ಯ ಬರುತ್ತದೆ!" ಅವನಿಗೆ ಅದು ಬರೀ ತಮಾಷೆ.

ವೈನಿ ಹೂವು ತೆಗೆದುಕೊಂಡು, "ಡಾಂಕೆ" ಎಂದು ಜರ್ಮನ್ನಿನಲ್ಲೇ ಧನ್ಯವಾದ ಹೇಳಿ, ಬಾಗಿಲು ಹಾಕಿದರು. ಹೂವನ್ನು ನೀರು ತುಂಬಿದ ತಂಬಿಗೆಯಲ್ಲಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ತಮ್ಮಾ, ಖರೇ ಹೇಳು. ನಾ ಹೇಳಿದ್ದು ಒಂದೂ ಆಗಿಲ್ಲೇನು?"

ನಾನು ಸೂರು ನೋಡಿದೆ. "ಒಂದ್ಸಲ ಮಳಿ ಬರತೈತಿ ಅಂದಿದ್ರಿ..."

"ಬಂತೇನು?"

"ಮರುದಿನ ಬಂತ್ರಿ."

ವೈನಿ ಅಡುಗೆಮನೆಗೆ ಹೋದರು. ಆ ಸಂಜೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೇ ಕೇಳಲಿಲ್ಲ. ಬ್ರೆಡ್ಡು ತಿಂದೆವು. ನನಗೆ ಆ ಉದ್ದನೆಯವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವನ ಹೂಗುಚ್ಛವನ್ನು ಬಾಲ್ಕನಿಯಿಂದ ಎಸೆಯಬೇಕು ಅನ್ನಿಸಿತು.

ಆದರೆ ಶುಕ್ರವಾರ ವೈನಿ ಬುಟ್ಟಿ ಹೊತ್ತು ಕ್ಲಬ್ಬಿಗೆ ಬಂದೇ ಬಂದರು. ಎಲ್ಲರಿಗೂ ಬಡಿಸಿ, ಎದ್ದು ನಿಂತು ಒಮ್ಮೆ ಕೆಮ್ಮಿದರು. ಒಂಬತ್ತೂ ಮಂದಿ ಗಪ್ಪಾದರು.

"ನಾಳೆ ಕ್ಯಾಪ್ಟನ್ ಆ ಉದ್ದಾನವನ ಹೆಗಲ ಮ್ಯಾಲೆ ಹಾರಿ ಚೆಂಡು ಹಿಡೀತಾನ. ಹೈಡೆಲ್‌ಬರ್ಗಿನಾವ ಎಡಗಾಲಿಲೆ ಗೋಲು ಹೊಡೀತಾನ. ಬ್ಯಾಂಕಿನಾವ ಕೆಸರಾಗ ಬೀಳತಾನ, ಆದ್ರ ಚೆಂಡು ಬಿಡಂಗಿಲ್ಲ." ಹೀಗೆ ಒಬ್ಬೊಬ್ಬರದೇ ಹೇಳುತ್ತಾ ಹೋದರು. "ನೀವು ಗೆಲ್ಲತೀರಿ. ನಾ ಹೇಳಿದ್ದು ಎಲ್ಲಾ ಉಲ್ಟಾ ಆಗತೈತಿ ಅಂತ ನನಗ ಈಗ ಗೊತ್ತಾಗೇತಿ. ನಾಳೆನೂ ಹಂಗಾದ್ರ ಇನ್ನ ಮುಂದ ನಾ ಬಾಯಿ ತೆಗಿಯಂಗಿಲ್ಲ. ರೊಟ್ಟಿ ತಂದುಕೊಟ್ಟು ಸುಮ್ನ ಹೋಗತೀನಿ. ಆದ್ರ ಸೋಲತೀರಿ ಅಂತ ಮಾತ್ರ ನಾ ಅನ್ನಂಗಿಲ್ಲ."

ಈ ಸಲ ನಾನು ಒಂದಕ್ಷರ ಬದಲಿಸದೆ ಅನುವಾದ ಮಾಡಿದೆ. ಹೈಡೆಲ್‌ಬರ್ಗಿನವನು ಚಾಕು ಚಮಚ ಕೆಳಗಿಟ್ಟು, ರೊಟ್ಟಿಯನ್ನು ಕೈಯಲ್ಲಿ ಮುರಿದ.

ಶನಿವಾರ ಹೊಳೆಯಾಚೆ, ಕೊಕ್ಕರೆಗಳ ಮೈದಾನ. ಅಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸವಿತ್ತು, ನಾನು ವೈನಿ ಇಬ್ಬರೇ ಹೋದೆವು. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯ ಪಕ್ಕ ನಿಂತರು. ಮೊದಲರ್ಧ ನಮ್ಮವರು ಹಿಂದೆ. ಮೂರನೇ ಕ್ವಾರ್ಟರಿನಲ್ಲೂ ಹಿಂದೆ. ಆದರೆ ಅಂದು ಅವರು ಆಡಿದ ರೀತಿಯೇ ಬೇರೆ! ಬ್ಯಾಂಕಿನವನು ಚೆಂಡು ಸಿಕ್ಕಿದ್ದೇ ತಡ, ಯಾರೂ ದೂಡದಿದ್ದರೂ ಕೆಸರಿನಲ್ಲಿ ದೊಪ್ಪನೆ ಬಿದ್ದು, ಚೆಂಡನ್ನು ಎದೆಗವಚಿಕೊಂಡು "ವೈನೀ!" ಎಂದು ಕೂಗಿದ. ಹೈಡೆಲ್‌ಬರ್ಗಿನವನು ಬಲಗಾಲಿನವನು, ಹಟ ಹಿಡಿದು ಎಡಗಾಲಲ್ಲೇ ಒದ್ದ. ಒದ್ದ, ತಪ್ಪಿದ. ಮತ್ತೆ ಒದ್ದ, ಮತ್ತೆ ತಪ್ಪಿದ. ಆಮೇಲೆ ಒದ್ದದ್ದು ನೋಡಿ, ನಡುಗಂಬಗಳ ನಟ್ಟನಡುವೆ! ಅವರ ಆಟಕ್ಕೆ ತಂತ್ರ ಗಿಂತ್ರ ಏನೂ ಇರಲಿಲ್ಲ, ವೈನಿ ಹೇಳಿದ್ದನ್ನು ಒಂದೊಂದಾಗಿ ಮಾಡಿ ಮುಗಿಸುತ್ತಿದ್ದರು.

ಕೊನೆಯ ನಿಮಿಷ. ನಾವಿನ್ನೂ ಮೂರು ಅಂಕ ಹಿಂದೆ. ಚೆಂಡು ಆಕಾಶದಲ್ಲಿ. ಕೆಳಗೆ ಆ ಉದ್ದನೆಯವನು ಕೈ ಚಾಚಿ ನಿಂತಿದ್ದಾನೆ. ಹಿಂದಿನಿಂದ ಓಡಿ ಬಂದ ನಮ್ಮ ಕ್ಯಾಪ್ಟನ್ ಅವನ ಹೆಗಲಿಗೆ ಮೊಣಕಾಲು ಕೊಟ್ಟು ಎದ್ದ ನೋಡಿ! ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚೆಂಡು ಅವನ ಕೈಯಲ್ಲಿತ್ತು. ಒದ್ದ. ಬಿಳಿ ಕೋಟಿನ ಅಂಪೈರ್ ಎರಡು ಬೆರಳು ಚಾಚಿ, ಎರಡೂ ಬಾವುಟ ಬೀಸಿದ. ಆರು ಅಂಕ! ಹಿಂದೆಯೇ ಆಟ ಮುಗಿದ ಸೈರನ್!

ಗೆದ್ದೆವು! ಕೊಕ್ಕರೆಗಳನ್ನು ಅವರ ಮೈದಾನದಲ್ಲೇ ಗೆದ್ದೆವು! ಕೆಸರು ಮೆತ್ತಿಕೊಂಡ ಒಂಬತ್ತು ಮಂದಿ ಗೆದ್ದವರಿಗೆಂದು ಇಟ್ಟಿದ್ದ ಕಪ್ಪಿನ ಕಡೆ ಹೋಗದೆ ನೇರ ವೈನಿಯ ಕಡೆ ಓಡಿಬಂದರು. "ಲೇ, ಸೀರಿ! ಹೊಸಾ ಸೀರಿ!" ಎಂದು ವೈನಿ ಕೂಗುತ್ತಿದ್ದರೂ ಒಂದು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆತ್ತಿ ಮೈದಾನ ಸುತ್ತಿಸಿದರು. ಉದ್ದನೆಯವನೂ ಕೈಕುಲುಕಿ, ಮುಂದಿನ ವರ್ಷ ನಮಗೂ ಒಂದು ಮಾತು ಹೇಳಿ ಮೇಡಂ ಎಂದ. "ವಿಚಾರ ಮಾಡತೀನಿ" ಎಂದರು ವೈನಿ, ದೊಡ್ಡ ಗತ್ತಿನಿಂದ.

ವಾಪಸು ಬರುವಾಗ ಟ್ರಾಮಿನಲ್ಲಿ ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ವೈನಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದರು.

"ಯಾಕ್ರಿ ವೈನಿ? ಗೆದ್ದೀವಲ್ರಿ!"

"ಹೂನಪಾ, ಗೆದ್ದೀವಿ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಲ್ಲಿಗೆ ಬಂದಾಗಿಂದ ನಾ ಏನ್ ಅಂದ್ರೂ ಯಾರಿಗೂ ಏನೂ ಆಗತಿದ್ದಿಲ್ಲ. ಬಾಯಿಂದ ಬಂದದ್ದು ಹಂಗ ಕೆಳಗ ಬೀಳತಿತ್ತು. ಇವತ್ತ ಅಷ್ಟೂ ಮಂದಿ ಬಿದ್ದು ಎದ್ದು ಓಡ್ಯಾಡಿ, ನನ್ನ ಮಾತು ನೆಲಕ್ಕ ಬೀಳಗೊಡಲಿಲ್ಲ ನೋಡು."

ನಮ್ಮ ಸ್ಟಾಪ್ ಬಂತು, ಬಾಗಿಲು ತೆರೆದು ಮುಚ್ಚಿಕೊಂಡಿತು, ಇಬ್ಬರೂ ಏಳಲಿಲ್ಲ.