ಎಡಭುಜದ ಹನ್ನೊಂದು ನೆರಿಗೆ

ನೇಪಲ್ಸ್ ನಗರದಲ್ಲಿ ಗಂಡಸರು ಸೊಗಸಾಗಿ ಕಾಣುವುದು ಬಹುಕಾಲದಿಂದ ನಡೆದುಬಂದಿದ್ದರೂ ಅದಕ್ಕೆ ಲಿಖಿತ ಆಧಾರವೇನೂ ಇರಲಿಲ್ಲ. ಪ್ರವಾಸಿಯೊಬ್ಬ ಕೋಟು ಕೊಂಡು, ಭುಜದಲ್ಲಿ ಸುಕ್ಕಿದೆಯೆಂದು ಮರುದಿನವೇ ಹಿಂದಿರುಗಿಸಿದಾಗ ಈ ಕೊರತೆ ಬೆಳಕಿಗೆ ಬಂತು. "ಅದು ಸುಕ್ಕಲ್ಲ ಸ್ವಾಮಿ, ನಮ್ಮೂರ ಕಸುಬು" ಎಂದ ಅಂಗಡಿಯವನಿಗೆ ಪ್ರವಾಸಿ, "ಎಲ್ಲಿ ಬರೆದಿದೆ ತೋರಿಸಿ" ಎಂದ. ಎಲ್ಲೂ ಬರೆದಿರಲಿಲ್ಲ. ಬರೆಯುವುದಕ್ಕೆಂದೇ ಸಹಜ ಸೊಗಸು ಸಂರಕ್ಷಣಾ ಮಂಡಳಿ ಹುಟ್ಟಿತು. ಉಡುಪಿನ ವಿಷಯದಲ್ಲಿ ಉದಾಸೀನರಾಗಿ ಕಾಣಬಯಸುವವರು ಇನ್ನು ಮುಂದೆ ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದೆಂದು ಮಂಡಳಿಯು ಮೊದಲ ಸಭೆಯಲ್ಲೇ ತೀರ್ಮಾನಿಸಿತು. ಮದುವೆ ಮತ್ತು ಸಾವಿಗೆ ಮಾತ್ರ ವಿನಾಯಿತಿ. ಅಂಥವಕ್ಕೆ ಅರ್ಜಿ ಬೇಡ, ಪರೀಕ್ಷೆ ಸಾಕು.

ಈ ತೀರ್ಮಾನ ದರ್ಜಿ ದೋನ್ ಅನಿಯೆಲ್ಲೊ ಅವರ ಕಿವಿಗೆ ಬಿದ್ದಿರಲಿಲ್ಲ. ಬೀದಿಯಿಂದ ಮೂರು ಮೆಟ್ಟಿಲು ಇಳಿದರೆ ಸಿಗುವ ಅಂಗಡಿಯಲ್ಲಿ ಅವರು ನಲವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದರು. ಗುಂಡಿಗೆ ಕಾಜಾ ಕಟ್ಟುವ ಕೆಲಸ ತಂಗಿ ಅಸ್ಸುಂತಾಳದು. ಸೊಗಸಿನ ಬಗ್ಗೆ ಅವರ ಮತ ಬೀದಿಗೆಲ್ಲ ಬಾಯಿಪಾಠವಾಗಿತ್ತು. "ಮಿಲಾನಿನ ಕೋಟು ದುಡ್ಡಿದೆ ಅನ್ನುತ್ತೆ. ರೋಮಿನ ಕೋಟು ದೊಡ್ಡವರ ಪರಿಚಯ ಇದೆ ಅನ್ನುತ್ತೆ. ನಮ್ಮದು ಬಾಯಿ ಮುಚ್ಕೊಂಡಿರುತ್ತೆ" ಎನ್ನುತ್ತಿದ್ದರು. ಹೊಸ ಕೋಟು ಹೊಸದಾಗಿ ಕಾಣುವುದು ಅವರ ಮಟ್ಟಿಗೆ ಮಾನ ಹೋದಂತೆ. ಎರಡು ದಿನ ಮನೆಯಲ್ಲಿ ತೊಟ್ಟು, ಮಧ್ಯಾಹ್ನ ಅದರಲ್ಲೇ ಮಲಗಿ ಎದ್ದು, ಆಮೇಲೆ ಬೀದಿಗೆ ಬಾ ಎಂದು ಗಿರಾಕಿಗಳನ್ನು ಕಳಿಸುತ್ತಿದ್ದರು. ತೊಟ್ಟವನಿಗೆ ಕೋಟಿನ ನೆನಪಾದರೆ ಅದು ಕೋಟಲ್ಲ, ಮೂಟೆ.

ಆ ವಾರ ಮೇಜಿನ ಮೇಲಿದ್ದದ್ದು ಮೀನಂಗಡಿಯ ಕತೆಲ್ಲೊನ ಕೋಟು. ಭಾನುವಾರ ಅವನ ಚಿಕ್ಕ ಮಗಳ ಮದುವೆ.

"ದೊಡ್ಡವಳ ಮದುವೇಲಿ ಬಾಡಿಗೆ ಕೋಟು ಹಾಕಿದ್ದೆ, ಮೇಷ್ಟ್ರೇ" ಎಂದು ಕತೆಲ್ಲೊ ಅಳತೆ ಕೊಡುವಾಗಲೇ ಹೇಳಿದ್ದ. "ತಬ್ಕೊಳ್ಳೋಕೆ ಹೋದ್ರೆ ಕಂಕುಳು ಹಿಡ್ಕೊಂಬಿಡ್ತು. ಕೈ ಮೇಲಕ್ಕೇ ಏಳಲಿಲ್ಲ. ಅಪ್ಪ ಸೊಕ್ಕು ಮಾಡ್ದ ಅಂತ ಅವಳು ಇವತ್ತಿಗೂ ಅಂತಾಳೆ."

ದೋನ್ ಅನಿಯೆಲ್ಲೊ ತೋಳಿನ ಬಟ್ಟೆಯನ್ನು ತೋಳಗಂಡಿಗಿಂತ ಅಗಲವಾಗಿ ಕತ್ತರಿಸಿ, ಹೆಚ್ಚಾದದ್ದನ್ನು ಭುಜದ ಮೇಲೆ ಸಣ್ಣ ಸಣ್ಣ ನೆರಿಗೆ ಮಾಡಿ ಕೈಯಲ್ಲೇ ಹೊಲಿದಿದ್ದರು. ಹಾಗೆ ಹೊಲಿದರೆ ಕೈ ಎಷ್ಟು ಎತ್ತಿದರೂ ಕೋಟು ಜಗ್ಗುವುದಿಲ್ಲ. ಕೈ ಎತ್ತಲಾಗದವನು ನೇಪಲ್ಸ್‌ನಲ್ಲಿ ಮೂಗನೆಂದೇ ಲೆಕ್ಕ.

ಬುಧವಾರ ಮಂಡಳಿಯ ತನಿಖಾಧಿಕಾರಿ ವಲ್ಸೆಕ್ಕಿ ಬಂದರು. ಅವರು ಉತ್ತರದ ಬೆರ್ಗಮೊ ಕಡೆಯವರು; ಮಾತಾಡುವಾಗ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುವ ಪೈಕಿ. ಭೂತಗನ್ನಡಿ ಹಿಡಿದು ಎರಡೂ ಭುಜದ ನೆರಿಗೆಗಳನ್ನು ಎರಡೆರಡು ಸಲ ಎಣಿಸಿದರು.

"ಬಲಕ್ಕೆ ಒಂಬತ್ತು ಸುಕ್ಕು. ಎಡಕ್ಕೆ ಹನ್ನೊಂದು. ನಿಯಮದ ಪ್ರಕಾರ ಎರಡೂ ಕಡೆ ಸಮ ಇರಬೇಕು."

"ಡಾಕ್ಟ್ರೇ," ಎಂದರು ದೋನ್ ಅನಿಯೆಲ್ಲೊ. ಆ ಊರಲ್ಲಿ ಮೇಜು ಕುರ್ಚಿ ಇರುವವರೆಲ್ಲ ಡಾಕ್ಟರೇ. "ಅವನು ಬಲಗೈಲಿ ಮೀನು ಕೊಯ್ತಾನೆ, ಎಡಗೈಲಿ ಮಾತಾಡ್ತಾನೆ. ಮಾತಿನ ಕೈಗೆ ಎರಡು ಜಾಸ್ತಿ ಬೇಕು."

ವಲ್ಸೆಕ್ಕಿ "ಎಡಭುಜ: ವಾಚಾಳಿ" ಎಂದು ಷರಾ ಬರೆದು, ಮಹಜರು ಮಾಡಿ, ಕೋಟನ್ನು ಜಪ್ತಿ ಮಾಡಿದರು. ಶುಕ್ರವಾರ ತೊಡುವವನೇ ಹಾಜರಾಗಿ ಉದಾಸೀನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬಿಡುಗಡೆ, ಇಲ್ಲವಾದರೆ ಕೋಟು ಉಗ್ರಾಣಕ್ಕೆ.

"ಬೇರೆ ಕೋಟು ಹೊಲಿಯೋಕೆ ಟೈಮೆಲ್ಲಿದೆ ಅಣ್ಣಾ? ಮತ್ತೆ ಬಾಡಿಗೆ ಕೋಟೇ ಗತಿ" ಎಂದಳು ಅಸ್ಸುಂತಾ. ದೋನ್ ಅನಿಯೆಲ್ಲೊ ಆ ದಿನ ಊಟ ಮಾಡಲಿಲ್ಲ.

ಪರೀಕ್ಷೆ ಸರಳವಾಗಿತ್ತು. ಐವರು ಸದಸ್ಯರ ಮುಂದೆ ಕೋಟು ತೊಟ್ಟು, ಅದರ ಪರಿವೆಯೇ ಇಲ್ಲದವನಂತೆ ಹತ್ತು ಹೆಜ್ಜೆ ನಡೆಯಬೇಕು. ಕತೆಲ್ಲೊ ಮಂಜುಗಡ್ಡೆಯಲ್ಲಿಟ್ಟ ಮೀನಿನಂತೆ ಸೆಟೆದು ನಡೆದ. ಬಾಗಿಲ ಬಳಿ ನಿಂತಿದ್ದ ದೋನ್ ಅನಿಯೆಲ್ಲೊಗೆ ನೋಡಲಾಗಲಿಲ್ಲ.

"ಲೋ ಕತೆಲ್ಲೊ, ಮದುವೆ ಆದ್ಮೇಲೆ ಹುಡುಗಿ ಎಲ್ಲಿರ್ತಾಳೋ?" ಎಂದು ಕೂಗಿದರು.

ಅಷ್ಟೇ. ಕತೆಲ್ಲೊ ಗರಕ್ಕನೆ ತಿರುಗಿದ. "ತೂರಿನ್‌ಗೆ ಹೋಗ್ತಾಳಂತೆ ಮೇಷ್ಟ್ರೇ! ತೂರಿನ್! ಅಲ್ಲಿ ಸಮುದ್ರ ಇದ್ಯಾ? ಮೀನು ಅಂದ್ರೆ ಡಬ್ಬೀಲಿ ಹುಟ್ಟುತ್ತೆ ಅನ್ಕೊಂಡಿದ್ದಾರೆ ಅಲ್ಲಿನ ಜನ!" ಎಡಗೈ ಛಾವಣಿಯತ್ತ ಹಾರಿತು. ಆಮೇಲೆ ಅದೇ ತೋಳಿನಲ್ಲಿ ಕಣ್ಣೊರೆಸಿಕೊಂಡು, ಅಧ್ಯಕ್ಷರ ಮೇಜಿಗೆ ಒರಗಿ ನಿಂತ. ಕೋಟು ಅವನ ಮೈಮೇಲೆ ಹುಟ್ಟಿನಿಂದಲೂ ಇದ್ದಂತಿತ್ತು. ವಯಸ್ಸಾದ ಸದಸ್ಯರೊಬ್ಬರು ತಮಗೆ ತಿಳಿಯದೆ ಎದ್ದು ನಿಂತರು.

ಅಂಕ ಸೊನ್ನೆ ಬಂತು.

"ನಿಯಮ ಕೇಳೋದು ಉದ್ದೇಶಪೂರ್ವಕ ಉದಾಸೀನ" ಎಂದು ವಲ್ಸೆಕ್ಕಿ ವಿವರಿಸಿದರು. "ಇವರಿಗೆ ನಿಜವಾಗಿಯೂ ಪರಿವೆ ಇರಲಿಲ್ಲ. ಇದಕ್ಕೆ ಅವಕಾಶ ಕೊಟ್ಟರೆ ನಾಳೆ ಯಾರು ಬೇಕಾದರೂ ಸೊಗಸಾಗಿಬಿಡ್ತಾರೆ."

ದೋನ್ ಅನಿಯೆಲ್ಲೊ ಟೋಪಿ ತೆಗೆದರು. ಅವರು ಅಧಿಕಾರಿಗಳ ಮುಂದೆ ಟೋಪಿ ತೆಗೆದದ್ದು ಅದೇ ಮೊದಲು. "ಡಾಕ್ಟ್ರೇ, ನನ್ನ ಅಂಗಡಿ ಬೋರ್ಡು ಬೇಕಾದ್ರೆ ಇಳಿಸಿ. ಅವನು ಮಗಳನ್ನ ತಬ್ಕೊಳ್ಳಲಿ."

ಸದಸ್ಯರು ಮುಖ ಮುಖ ನೋಡಿಕೊಂಡರು. ಅವರೂ ಮಕ್ಕಳೊಂದಿಗರೇ. ಪುಸ್ತಕ ತಿರುವಿ ಪರಿಚ್ಛೇದ ಹದಿನಾಲ್ಕನ್ನು ಹುಡುಕಿದರು: ಸ್ವತಃ ಉದ್ದೇಶಿಸಲು ಅಸಮರ್ಥನಾದವನ ಪರವಾಗಿ ಮತ್ತೊಬ್ಬನು ಉದ್ದೇಶಿಸಬಹುದು. ಅಂಥವನಿಗೆ ಉದ್ದೇಶಪಾಲಕನೆಂದು ಹೆಸರು. ಅವನು ಬಿಲ್ಲೆ ಧರಿಸಿ, ತೊಟ್ಟವನ ಹಿಂದೆ ಮೂರು ಹೆಜ್ಜೆ ಅಂತರದಲ್ಲಿ ನಡೆಯುತ್ತ, ಅವನ ಉದಾಸೀನವನ್ನು ಎಡೆಬಿಡದೆ ಉದ್ದೇಶಿಸುತ್ತಿರತಕ್ಕದ್ದು.

ಹೊಲಿದವನು ಕಾಣಬಾರದೆಂದು ನಲವತ್ತು ವರ್ಷ ಸಾರಿದ ದೋನ್ ಅನಿಯೆಲ್ಲೊ ಸಹಿ ಹಾಕಿದರು.

ಭಾನುವಾರ ಚರ್ಚಿನ ನಡುದಾರಿಯಲ್ಲಿ ಮೊದಲು ಮದುಮಗಳು ಮತ್ತು ಕತೆಲ್ಲೊ, ಮೂರು ಹೆಜ್ಜೆ ಹಿಂದೆ ಹಿತ್ತಾಳೆ ಬಿಲ್ಲೆಯ ದೋನ್ ಅನಿಯೆಲ್ಲೊ ನಡೆದರು. "ಅವರ್ಯಾರು, ಸೋದರಮಾವನಾ?" ಎಂದು ಯಾರೋ ಕೇಳಿದರು. "ಅಲ್ಲ, ಉದ್ದೇಶಪಾಲಕರು" ಎಂದಿತು ಪಕ್ಕದ ದನಿ. ಕೇಳಿದವರು ಸರಿ ಎಂದು ತಲೆಯಾಡಿಸಿದರು. ಪಾದ್ರಿಗಳು, ಉದ್ದೇಶಪಾಲಕರು ಯಾರಾದರೂ ಇದ್ದಲ್ಲಿ ಅವರು ಎಡಗಡೆ ಕೂರಬೇಕೆಂದು ತಿಳಿಸಿದರು.

ಮಗಳನ್ನು ಒಪ್ಪಿಸುವ ಮುಂಚೆ ಕತೆಲ್ಲೊ ಎರಡೂ ಕೈ ಎತ್ತಿ ಅವಳನ್ನು ತಬ್ಬಿಕೊಂಡ. ಇಪ್ಪತ್ತು ನೆರಿಗೆಗಳೂ ಬಿಚ್ಚಿಕೊಂಡು ಅವನ ಕೈ ಹೋದಷ್ಟು ದೂರ ಹೋದವು. ಕೋಟು ಎಲ್ಲೂ ಜಗ್ಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ದೊಡ್ಡ ಮಗಳು ಎದ್ದು ಬಂದು ತಾನೂ ಆ ತೋಳಿನೊಳಗೆ ತೂರಿಕೊಂಡಳು. ದೋನ್ ಅನಿಯೆಲ್ಲೊಗೆ ದುಃಖ ಒತ್ತರಿಸಿ ಬಂತು. ಬಿಲ್ಲೆ ಬಿಟ್ಟು ಕರವಸ್ತ್ರ ಹಿಡಿದರು.

ಸೋಮವಾರ ಮಂಡಳಿಯ ಪತ್ರ ತಲುಪಿತು. ಸಮಾರಂಭದಲ್ಲಿ ಉದ್ದೇಶಪಾಲಕರು ಸುಮಾರು ನಾಲ್ಕು ನಿಮಿಷ ಏನನ್ನೂ ಉದ್ದೇಶಿಸದೆ ಅತ್ತಿರುವುದು ಕಂಡುಬಂದಿದ್ದು, ಇನ್ನು ಮುಂದೆ ಅವರ ಹಿಂದೆಯೂ ಒಬ್ಬರು ನಡೆಯತಕ್ಕದ್ದು.

ಅಸ್ಸುಂತಾ ಪತ್ರವನ್ನು ಎರಡು ಸಲ ಓದಿದಳು. ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿ, ಮೇಲುಹೊದಿಕೆ ಹೊದ್ದು, ಅಣ್ಣ ಕಾಫಿಗೆ ಹೊರಡುವ ಹೊತ್ತಿಗೆ ಬಾಗಿಲ ಬಳಿ ಬಂದು ನಿಂತಳು.

"ನಡಿಯಣ್ಣಾ, ನೀನು ಆರಾಮಾಗಿ ನಡಿ. ನಾನು ಉದ್ದೇಶಿಸ್ತಾ ಇದ್ದೀನಿ."

ಬೀದಿಯ ಜನ ಪಕ್ಕಕ್ಕೆ ಸರಿದು ಇಬ್ಬರಿಗೂ ದಾರಿ ಬಿಟ್ಟರು.