ಸಾಂಬಾರಿನ ಕವರಿನ ಮೇಲೆ ನನ್ನ ಹೆಸರು

ಪಾತ್ರೆಗೆ ಹೆಸರು ಹಾಕಿಸುವ ಚಟ ನಮ್ಮ ಕರಾವಳಿಯವರಿಗೆ ಸ್ವಲ್ಪ ಹೆಚ್ಚೇ. ಪಕ್ಕದ ಮನೆಗೆ ಪಾಯಸ ಹೊತ್ತು ಹೋದ ಪಾತ್ರೆ, ಹೆಸರಿದ್ದರೆ ಹಿಂದಕ್ಕೆ ಬರುತ್ತದೆ ಎಂಬ ನಂಬಿಕೆ. ರಾಜಧಾನಿಯ ವಸಂತ್ ಕುಂಜ್‌ನ ಮಾರ್ಕೆಟ್ಟಿನಲ್ಲಿ ಇಡ್ಲಿ-ದೋಸೆಯ ಸಣ್ಣ ಹೋಟೆಲು ಇಟ್ಟಿರುವ ನಾನು ಈ ಚಟವನ್ನು ಪಾತ್ರೆಗೇ ನಿಲ್ಲಿಸಲಿಲ್ಲ. ಸಾಂಬಾರು ಪಾರ್ಸೆಲ್ಲಿನ ಪ್ಲಾಸ್ಟಿಕ್ ಕವರಿನ ಮೇಲೂ ಕೆಂಪಕ್ಷರದಲ್ಲಿ ‘ಭಟ್‌ಜೀ’ ಎಂದು ಅಚ್ಚು ಹಾಕಿಸಿದೆ. “ನಿಮಗೆ ಹೆಸರಿನ ಹುಚ್ಚು ಮಾರಾಯ್ರೆ. ಸಾಂಬಾರು ಚೆನ್ನಾಗಿದ್ದರೆ ಸಾಲದಾ?” ಎಂದಳು ಹೆಂಡತಿ ಶಾರದೆ. ಸಾಂಬಾರಿನ ವಿಷಯ ಬಂದದ್ದರಿಂದ ನಾನು ಮಾತನ್ನು ಅಕ್ಷರದ ಬಣ್ಣಕ್ಕೆ ತಿರುಗಿಸಿದೆ. ಗುಟ್ಟಾಗಿ ಹೇಳುತ್ತೇನೆ, ನನ್ನ ಮಧ್ಯಾಹ್ನದ ಊಟ ಬರುವುದು ಮನೆಯಿಂದ.

ಹೆಸರು ಹಾಕಿಸಿದ್ದರ ಫಲ ಮಳೆಗಾಲದಲ್ಲಿ ಸಿಕ್ಕಿತು. ಕಾಲೊನಿಯ ಮೋರಿ ಕಟ್ಟಿಕೊಂಡು, ನೀರು ಸೀದಾ ಅಸೋಸಿಯೇಶನ್ನಿನ ಕಾರ್ಯದರ್ಶಿ ಚೋಪ್ರಾ ಸಾಹೇಬರ ಮನೆಗೆ ನುಗ್ಗಿತು. ಮರುದಿನ ಅವರು ಒಂದು ಬಕೆಟ್ ತಂದು ನನ್ನ ಗಲ್ಲಾದ ಮುಂದೆ ಕುಕ್ಕಿದರು. ಒಳಗೆ ಮೋರಿಯಲ್ಲಿ ಸಿಕ್ಕ ಕವರುಗಳು. ಎಷ್ಟೋ ಅಂಗಡಿಗಳದ್ದಿದ್ದವು, ಹೆಸರಿದ್ದದ್ದು ನನ್ನವಕ್ಕೆ ಮಾತ್ರ.

“ನಾಮ್ ಆಪ್ ಕಾ, ತೋ ಕಚರಾ ಭೀ ಆಪ್ ಕಾ, ಭಟ್‌ಜೀ,” ಎಂದರು. ಹೆಸರು ನನ್ನದಾದರೆ ಕಸವೂ ನನ್ನದೇ. ಪ್ಯಾಕ್ ಮಾಡಿ ಮಾರಿದವನೇ ಅದರ ಕಸವನ್ನು ವಾಪಸು ತೆಗೆದುಕೊಳ್ಳಬೇಕೆಂಬ ಕಾನೂನು ಬರಲಿದೆಯಂತೆ. ಸರ್ಕಾರ ತರುವ ಮೊದಲೇ ಅವರು ಅದನ್ನು ನನ್ನ ಮೇಲೆ ಜಾರಿಗೆ ತಂದರು. ಹದಿನೈದು ದಿನದ ಮೇಲೆ ಮೋರಿಯಲ್ಲಿ ನನ್ನ ಹೆಸರು ಕಂಡರೆ, ಇವನ ಲೈಸೆನ್ಸ್ ನವೀಕರಿಸಬೇಡಿ ಎಂದು ಅಸೋಸಿಯೇಶನ್ ಪತ್ರ ಬರೆಯುತ್ತದೆ. ಲೈಸೆನ್ಸ್ ಮುಗಿಯಲು ಒಂದೇ ತಿಂಗಳಿತ್ತು. ಹೋಟೆಲು ಮುಚ್ಚಿದರೆ ಈ ಊರಿನಲ್ಲಿ ನನಗೆ ಬೇರೆ ಏನು ಕೆಲಸ ಗೊತ್ತು? 

ಅಂದಿನಿಂದ ನನ್ನ ಬೆಳಗಿನ ವಾಕಿಂಗ್ ಮೋರಿಯ ದಂಡೆಯಲ್ಲಿ. ಉಳಿದವರು ಪಾರ್ಕಿನಲ್ಲಿ ಪ್ರಾಣಾಯಾಮ ಮಾಡುತ್ತಿದ್ದರೆ ನಾನು ಕೋಲು ಹಿಡಿದು ನನ್ನ ಹೆಸರು ಹುಡುಕುತ್ತಿದ್ದೆ. ಕೆಂಪಗಿನದೇನಾದರೂ ಗಾಳಿಗೆ ಹಾರಿದರೆ ಅದರ ಹಿಂದೆ ಓಡುತ್ತಿದ್ದೆ. ಒಮ್ಮೆ ಹಾಗೆ ಓಡಿ ಹಿಡಿದದ್ದು ಯಾರದೋ ದುಪಟ್ಟಾದ ತುದಿ, ಬೈಸಿಕೊಂಡದ್ದೂ ಆಯಿತು. ಹೋಟೆಲಿನಲ್ಲಿ ಕವರು ನಿಲ್ಲಿಸಿ, ಮನೆಯಿಂದ ಡಬ್ಬ ತಂದವರಿಗೆ ಒಂದು ಸೌಟು ಸಾಂಬಾರು ಹೆಚ್ಚು ಎಂದು ಬೋರ್ಡು ಹಾಕಿದೆ. ಎರಡು ಇಡ್ಲಿಗೆ ಜನ ಐದು ಲೀಟರಿನ ಕುಕ್ಕರ್ ತಂದರು. ನನ್ನ ಸಾಂಬಾರು ಬರೀ ನೀರು ಎಂದು ಶಾರದೆಗಿದ್ದ ಅಭಿಪ್ರಾಯ ಆ ದಿನಗಳಲ್ಲಿ ಪೂರ್ತಿ ನಿಜವಾಯಿತು.

ಹದಿನೈದನೆಯ ದಿನ ಮಧ್ಯಾಹ್ನ ಚೋಪ್ರಾ ಸಾಹೇಬರೇ ಬಂದರು, ಬರಿಗೈಯಲ್ಲಿ. ತಾಯಿಗೆ ಜ್ವರವಂತೆ, ಇಡ್ಲಿ-ಸಾಂಬಾರು ಬೇಕಂತೆ. “ಥೈಲಿ ಮೇಂ ಹೀ ಡಾಲ್ ದೋ, ಚಲೇಗಾ,” ಎಂದರು. ಕವರಿನಲ್ಲಿ!  ಇದು ನಿಜವಾದ ಜ್ವರವೋ, ನನಗಿಟ್ಟ ಪರೀಕ್ಷೆಯೋ? ಕವರು ಕೊಟ್ಟರೂ ಲೈಸೆನ್ಸ್ ಹೋಯಿತು, ಬರಿಗೈಯಲ್ಲಿ ಕಳಿಸಿದರೂ ಹೋಯಿತು. ಆಗ ಕಂಡದ್ದು ನಾನು ಉಂಡು ತೊಳೆದಿಟ್ಟಿದ್ದ ಸ್ಟೀಲ್ ಡಬ್ಬ. ಶಾರದೆಯ ತವರಿನದು, ಮೈಮೇಲೆ ಮಾವನವರ ಹೆಸರು. ಅದರಲ್ಲೇ ತುಂಬಿಸಿ ಕೊಟ್ಟೆ. ಹೆಸರಿದೆಯಲ್ಲ, ಬರುತ್ತದೆ ಎಂದುಕೊಂಡೆ.

ನನ್ನ ಪರಿಸರ ಕಾಳಜಿಯನ್ನು ಮೆಚ್ಚಿ ಅಸೋಸಿಯೇಶನ್ನಿನ ಪತ್ರ ಬಂತು. ಲೈಸೆನ್ಸೂ ಬಂತು. ಡಬ್ಬ ಬರಲಿಲ್ಲ. ಅದು ಈಗ ಚೋಪ್ರಾ ಸಾಹೇಬರ ಕಿಟಕಿಯಲ್ಲಿದೆ, ಮಾವನವರ ಹೆಸರು ರಸ್ತೆಗೆ ಕಾಣುವಂತೆ, ಒಳಗೊಂದು ಮನಿಪ್ಲಾಂಟ್. ಕೇಳಲು ನನಗೆ ಬಾಯಿ ಬರುವುದಿಲ್ಲ. ಮುಂದಿನ ವರ್ಷವೂ ಲೈಸೆನ್ಸ್ ಬೇಕಲ್ಲ.

“ಅಪ್ಪನ ಡಬ್ಬ ಎಲ್ಲಿ?” ಎಂದು ಶಾರದೆ ಕೇಳಿದಾಗ, “ಯಾರ ಹೆಸರಿದೆಯೋ ಅವರೇ ವಾಪಸು ತರಬೇಕು, ಈಗಿನ ಕಾನೂನು,” ಎಂದು ತಮಾಷೆ ಮಾಡಿಬಿಟ್ಟೆ. ಮಾಡಬಾರದಿತ್ತು. “ಅಚ್ಛಾ,” ಎಂದಳು, ಅಷ್ಟೇ. ಮರುದಿನದಿಂದ ನನ್ನ ಅನ್ನ-ಸಾರು ಉಳಿದುಹೋದ ಕೆಂಪಕ್ಷರದ ಕವರಿನಲ್ಲೇ ಬರುತ್ತಿದೆ. ಉಂಡ ಮೇಲೆ ಅದನ್ನು ತೊಳೆದು, ಮಡಚಿ, ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು ಮನೆಗೆ ಒಯ್ಯುತ್ತೇನೆ. ಎಸೆಯುವ ಧೈರ್ಯವಿಲ್ಲ, ಹೆಸರು ನನ್ನದಲ್ಲವೇ.