ಎರಡಿಂಚು ಜಾಸ್ತಿ ಹಾಸಿಗೆ

ಬೇರೆಯವರ ಮನೆಗೆ ಸಾಮಾನು ಬಂದರೆ ಬಂದು ಮೂಲೆ ಸೇರುತ್ತೆ. ನಮ್ಮನೆಗೆ ಬಂದ ಸಾಮಾನು ಮಾತ್ರ ಬೀದಿಗೆಲ್ಲ ಒಂದು ಕಥೆ ಹಂಚದೆ ಸುಮ್ಮನಾಗಲ್ಲ. ಮಿಕ್ಸಿ ಬಂದಾಗಲೂ ಹಂಗೇ ಆಯ್ತು, ಕುಕ್ಕರ್ ಬಂದಾಗಲೂ ಹಂಗೇ. ಈ ಸಲ ಹಾಸಿಗೆ ಸರದಿ. ನಾನು ಹೊಳೆನರಸೀಪುರದಲ್ಲಿ ಮನೆ ಮುಂದಿನ ರೂಮಲ್ಲೇ ಮೆಷಿನ್ ಹಾಕ್ಕೊಂಡು ಬ್ಲೌಸು, ಚೂಡಿದಾರ್ ಹೊಲಿಯೋಳು. ಕಂಡೋರ ಅಳತೆ ತೆಗೆಯೋದು ನನ್ನ ಕಸುಬು, ಕಂಡೋರ ವಿಷಯ ಕೇಳೋದು ನನ್ನ ಚಟ.

ನಾದಿನಿಯ ಸ್ಪ್ರಿಂಗು

ನಮ್ಮತ್ತೆಗೆ ಮಂಡಿನೋವು. ಹಾಸನದ ಡಾಕ್ಟರು, 'ಇನ್ಮೇಲೆ ನೆಲದ ಮೇಲೆ ಮಲಗೋ ಹಂಗಿಲ್ಲ, ಮಂಚ ಹತ್ತಿಸಿ' ಅಂದುಬಿಟ್ಟರು. ಮಂಚ ಏನೋ ಇತ್ತು. ನಮ್ಮ ಮಾವನವರು ಇದ್ದಾಗ ಮಾಡಿಸಿದ್ದು, ಹಲಸಿನ ಮರದ್ದು, ಸುತ್ತ ನಾಲ್ಕೂ ಕಡೆ ಗೇಣೆತ್ತರದ ಹಲಗೆ. ಆದರೆ ಅದರ ಮೇಲಿನ ಹತ್ತಿ ಹಾಸಿಗೆ ಗಂಟು ಕಟ್ಟಿಕೊಂಡು, ಮಲಗಿದರೆ ಜಲ್ಲಿ ರಾಶಿ ಮೇಲೆ ಮಲಗಿದಂಗೆ ಆಗ್ತಿತ್ತು.

ಇಂಥ ಹೊತ್ತಿಗೆ ಸರಿಯಾಗಿ ಅರಕಲಗೂಡಿನ ನನ್ನ ನಾದಿನಿ ದಿನಾ ಸಾಯಂಕಾಲ ಫೋನು ಮಾಡೋಳು. 'ನಮ್ಮನೇಲಿ ಸ್ಪ್ರಿಂಗ್ ಹಾಸಿಗೆ ಐತೆ ಕಣವ್ವಾ, ಬಂದು ನೆಮ್ಮದಿಯಾಗಿ ಮನೀಕೋ' ಅಂತ. ಅತ್ತೆ ಅದನ್ನ ಸ್ಪೀಕರಿಗೆ ಹಾಕಿ ನನ್ನ ಮುಖ ನೋಡೋರು.

ಒಂದಿನ ಹೇಳೇಬಿಟ್ಟರು. 'ಮುಂದಿನ ಭಾನುವಾರದೊಳಗೆ ಏನಾರ ಮಾಡವ್ವ. ಇಲ್ಲಾಂದ್ರೆ ನಾನು ಮಗಳ ಮನೆಗೆ ಒಂಟೋಯ್ತೀನಿ.'

ಇವರು ಹೋದರೆ ಬೀದಿಯೋರು ಏನಂತಾರೆ? ಒಂದು ಹಾಸಿಗೆ ಕೊಡ್ಸಕ್ಕಾಗದೆ ಅತ್ತೇನ ಓಡಿಸ್ಬುಟ್ಳು ಅಂತಾರೆ. ಅದೂ ಅಲ್ಲದೆ, ನಿಜ ಹೇಳ್ತೀನಿ, ಅತ್ತೆ ಇಲ್ಲದ ಮನೇಲಿ ನಾನು ಯಾರ ಜೊತೆ ಜಗಳ ಆಡಲಿ? ನಮ್ಮನೆಯವರು ಇದ್ದಾರೆ ಅಂತೀರಾ? ಅವರು 'ನೀವಿಬ್ರೇ ತೀರ್ಮಾನ ಮಾಡ್ಕೊಳಿ' ಅಂದು ಚನ್ನರಾಯಪಟ್ಟಣದ ಬಸ್ಸು ಹತ್ತಿದರು. ಅಲ್ಲೇ ಅವರ ಕೆಲಸ. ಮನೇಲಿ ಜಗಳ ಇದ್ದ ದಿನ ಅವರ ಬಸ್ಸು ಬೇಗ ಸಿಗುತ್ತೆ.

ನಾನೇ ನಾದಿನಿಗೆ ಫೋನು ಹಚ್ಚಿದೆ. 'ಅದ್ಹೆಂಗಿರ್ತದಮ್ಮ ಸ್ಪ್ರಿಂಗು? ಒಂದು ಫೋಟೋ ಕಳ್ಸು, ನೋಡೋಣ.' ಬಹಳ ಹೊತ್ತಾದ ಮೇಲೆ ಫೋಟೋ ಬಂತು. ಗುಲಾಬಿ ಹೂವಿನ ಬೆಡ್‌ಶೀಟು, ಅದರ ಮೇಲೆ ಮಲಗಿರೋ ಒಂದು ಬೆಕ್ಕು. ಸ್ಪ್ರಿಂಗು ಎಲ್ಲಮ್ಮ ಅಂದರೆ, 'ಬೆಕ್ಕಿನ ಕೆಳಗೆ ಐತೆ ಅತ್ತಿಗೆ' ಅಂದಳು.

ಅಳತೆ ತೆಗೆದದ್ದು

ಹಾಸನದ ಅಂಗಡೀಲಿ ರೇಟು ಕೇಳಿ ಬಂದಿದ್ದೆ. ಅಂಗಡಿಯವರು ಹೇಳಿದ ರೇಟಿಗೆ ಅಲ್ಲೇ ಮಲಗಬೇಕು ಅನ್ನಿಸ್ತು. ಫೋನಲ್ಲಿ ನೋಡಿದರೆ ಅರ್ಧಕ್ಕಿಂತ ಕಡಿಮೆ. ಸರಿ, ಕೊಂಡೋರು ಏನು ಬರೆದವ್ರೆ ಅಂತ ಓದ್ತಾ ಕೂತೆ. ಒಬ್ಬರಿಗೆ ವಾಸನೆ ಬಂತಂತೆ, ಒಬ್ಬರಿಗೆ ಬೆನ್ನುನೋವು ಹೋಯ್ತಂತೆ, ಒಬ್ಬರ ನಾಯಿ ಅದನ್ನ ಬಿಟ್ಟು ಏಳ್ತಾನೇ ಇಲ್ವಂತೆ. ಇನ್ನೊಬ್ಬ ಪುಣ್ಯಾತ್ಮ, 'ಮಲಗಿದ ತಕ್ಷಣ ನಿದ್ದೆ ಬಂತು' ಅಂತ ಬರೆದು ಐದಕ್ಕೆ ಮೂರೇ ಸ್ಟಾರ್ ಕೊಟ್ಟಿದ್ದ. ನಿದ್ದೆ ಬಂದ ಮೇಲೆ ಇನ್ನೆರಡು ಯಾಕಪ್ಪಾ ಇಟ್ಕೊಂಡೆ ಅಂತ ಯೋಚನೆ ಮಾಡೋದರೊಳಗೆ ಒಲೆ ಮೇಲಿನ ಸಾರು ಸೀದುಹೋಯ್ತು.

ನಿಮ್ಮ ಮಂಚದ ಅಳತೆ ಹಾಕಿ, ಅದೇ ಅಳತೆಗೆ ಮಾಡಿ ಕಳಿಸ್ತೀವಿ ಅಂತ ಅದರಲ್ಲಿತ್ತು. ಅಳತೆ ಅಂದರೆ ನನಗೆ ಹೇಳಿಕೊಡಬೇಕಾ? ಕುತ್ತಿಗೇಲಿದ್ದ ಟೇಪು ತೆಗೆದು ಹಲಗೆ ಒಳಗೆ ಉದ್ದ, ಅಗಲ ಹಿಡಿದೆ. ಆಮೇಲೆ ಕೈ ತನ್ನ ಪಾಡಿಗೆ ತಾನು ಎರಡಕ್ಕೂ ಎರಡೆರಡಿಂಚು ಸೇರಿಸಿ ಫೋನಲ್ಲಿ ಒತ್ತಿಬಿಡ್ತು. ನಮ್ಮ ಕಸುಬಲ್ಲಿ ಹೊಲಿಗೆಗೆ ಅಂತ ಬಟ್ಟೆ ಬಿಡದೆ ಯಾರು ಕತ್ತರಿ ಹಾಕ್ತಾರೆ?

ಅತ್ತೆ ನೋಡ್ತಾನೇ ಇದ್ದರು. 'ಅದ್ಯಾಕವ್ವಾ ಎರಡಿಂಚು ಜಾಸ್ತಿ?'

'ಇರಲಿ ಸುಮ್ನಿರಿ ಅತ್ತೆ. ನಾಳೆ ನೀವು ದಪ್ಪ ಆದ್ರೆ ಬಿಚ್ಚಿಕೊಳ್ಳಬಹುದು' ಅಂದೆ.

ಡಬ್ಬದೊಳಗಿಂದ ಬಂದದ್ದು

ಶುಕ್ರವಾರ ಹಾಸನದಿಂದ ಟೆಂಪೋ ಬಂತು. ಟೆಂಪೋದವರು ಒಂದು ಉದ್ದನೆ ರಟ್ಟಿನ ಡಬ್ಬ ತಂದು ಬಾಗಿಲಿಗೆ ಆನಿಸಿದರು. ಅತ್ತೆ ಅದನ್ನ ಸುತ್ತ ನೋಡಿ, 'ದಿಂಬು ಬಂತು. ಹಾಸಿಗೆ ಯಾವಾಗ ತತ್ತೀಯಪ್ಪಾ?' ಅಂದರು.

'ಇದೇ ಹಾಸಿಗೆ ಕಣಮ್ಮ. ಗಾಳಿ ಎಳೆದು ಸುತ್ತವ್ರೆ. ಬಿಚ್ಚಿದ್ರೆ ಉಬ್ಬುತ್ತೆ' ಅಂದು ಅವರು ಹೊರಟುಹೋದರು.

ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಮಂಚದ ಸುತ್ತ ನಿಂತರು. ಪ್ಲಾಸ್ಟಿಕ್ಕಿಗೆ ಕತ್ತರಿ ಹಾಕಿದೆ. ಬುಸ್ ಅಂತು. ರೊಟ್ಟಿಯಷ್ಟು ತೆಳ್ಳಗಿದ್ದದ್ದು ನೋಡ್ತಾ ನೋಡ್ತಾ ಎದ್ದುಕೊಳ್ಳೋಕೆ ಶುರು. ಪಕ್ಕದ ಮನೆಯಾಕೆ ಬೆರಳಲ್ಲಿ ಒತ್ತೋಳು, ಅದು ತಿರುಗಿ ಮೇಲೆ ಬರೋದು, ಮತ್ತೆ ಒತ್ತೋಳು. 'ಇದೆಲ್ಲಿಗಂಟ ಉಬ್ಬುತ್ತೆ ಅಂತ ಡಬ್ಬದ ಮೇಲೆ ಬರೆದವ್ರಾ ನೋಡೇ' ಅಂತ ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಹೋದರು.

ಉಬ್ಬಿ ಮುಗೀತು, ಮಂಚದೊಳಗೆ ಕೂರಲಿಲ್ಲ. ಆ ಹಲಗೆ ಒಂದು ಕೂದಲೆಳೆಯಷ್ಟೂ ಜಗ್ಗೋದಲ್ಲ. ಎಲ್ಲರೂ ಸೇರಿ ನಾಲ್ಕೂ ಮೂಲೆ ಒಳಗೆ ತುರುಕಿದೆವು. ಮೂಲೆಗಳೇನೋ ಹೋದವು, ನಡು ಮಾತ್ರ ದಿಬ್ಬದಂಗೆ ಎದ್ದು ನಿಂತಿತು. ಅತ್ತೆ ನಿಧಾನಕ್ಕೆ ಹತ್ತಿ ಅದರ ನೆತ್ತಿ ಮೇಲೆ ಕೂತು ಕಿಟಕಿ ಕಡೆ ನೋಡಿದರು.

'ಇಲ್ಲಿಂದ ಬಸ್‌ಸ್ಟ್ಯಾಂಡ್‌ಗಂಟ ಕಾಣ್ತದೆ ಕಣವ್ವಾ. ಮನೀಕೊಳ್ಳೋದು ಎಲ್ಲಿ?'

ಅರಕಲಗೂಡಿನ ಅಳು

ಬದಲಾಯಿಸಿ ಕೊಡಿ ಅಂತ ಕಂಪನಿಯವರಿಗೆ ಫೋನು ಮಾಡಿ ಗೋಗರೆದೆ. ಒಪ್ಪಿಕೊಂಡರು, ಆದರೆ ಹೊಸದು ಬರೋದು ಮುಂದಿನ ವಾರ. 'ಹಂಗಾದ್ರೆ ನಾಳಿದ್ದು ನಾನು ಅರಕಲಗೂಡಿಗೆ' ಅಂತ ಅತ್ತೆ ಬ್ಯಾಗಿಗೆ ಸೀರೆ ತುಂಬಿದರು. ನನಗೆ ಅಳು ಬರೋದೊಂದು ಬಾಕಿ.

ಶನಿವಾರ ಬೆಳಿಗ್ಗೆ ಅದೇ ಟೆಂಪೋದವರು ಹಾಸಿಗೆ ವಾಪಸ್ ಒಯ್ಯೋಕೆ ಬಂದು ಡಬ್ಬ ಕೇಳಿದರು. ಡಬ್ಬ ಎಲ್ಲಿದೆ? ಹಂಡೆ ಒಲೆಗೆ ಹಾಕಿ ಅದರಲ್ಲೇ ನೀರು ಕಾಸಿ ಸ್ನಾನ ಮಾಡಿ ಆಗಿತ್ತು. 'ಹಂಗೇ ಒಯ್ದರೆ ಕೊಳೆ ಆಯ್ತದೆ ಅಕ್ಕ, ಏನಾರ ಸುತ್ತಿಕೊಡಿ' ಅಂದರು. ಬೀರುವಲ್ಲಿ ನಮ್ಮನೆಯವರ ಬಿಳೀ ಪಂಚೆ ಕೈಗೆ ಸಿಕ್ಕಿತು. ಹಾಸಿಗೆ ಸುರುಳಿ ಸುತ್ತಿ, ಮೇಲೆ ಪಂಚೆ ಹೊದಿಸಿ, ತಲೆಗೊಂದು, ನಡುವಿಗೊಂದು, ಕಾಲಿಗೊಂದು ಹಗ್ಗ ಕಟ್ಟಿಕೊಟ್ಟೆ. ಮುಂದೆ ಟೆಂಪೋದವರು ಹಿಡಿದರು. ಹಿಂದೆ ನಮ್ಮನೆಯವರು, ಆಗ ತಾನೇ ಸ್ನಾನ ಮಾಡಿದ ಬರೀ ಮೈ, ಹೆಗಲ ಮೇಲೆ ಟವಲು, ಮುಖ ಜೋತು ಬಿದ್ದಿತ್ತು, ಹಾಸಿಗೆ ಅಷ್ಟು ಭಾರ.

ಅದೇ ಹೊತ್ತಿಗೆ ನಾದಿನಿ ಗಂಡನ ಕಡೆ ನೆಂಟರೊಬ್ಬರು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗ್ತಿದ್ದರಂತೆ. ಬೀದಿ ಕೊನೆಯಿಂದ ಇದನ್ನ ನೋಡಿ, ಕ್ಯಾನು ಕೆಳಗಿಟ್ಟು ಕೈ ಮುಗಿದು, ಸೀದಾ ಅರಕಲಗೂಡಿಗೆ, ನಾದಿನಿ ಗಂಡನಿಗೇ ಫೋನು ಮಾಡಿದ್ದಾರೆ. ನಿಮ್ಮತ್ತೇನ ಟೆಂಪೋಗೆ ಹಾಕ್ತಾವ್ರೆ ಅಂತ. ನಾದಿನಿ ನನಗೂ ಫೋನು ಮಾಡಿದ್ದಳಂತೆ. ಫೋನು ಅಡುಗೆಮನೇಲಿ ಚಾರ್ಜಿಗಿತ್ತು, ನಾನು ಮೆಷಿನ್ ತುಳೀತಿದ್ದೆ. ಅತ್ತೆ ಹಿತ್ತಿಲಲ್ಲಿ ಕೂತು ಅವರೇಕಾಯಿ ಬಿಡಿಸ್ತಿದ್ದರು.

ಒಂದೆರಡು ಗಂಟೆ ಕಳೆದ ಮೇಲೆ ಬಾಗಿಲಿಗೆ ಆಟೋ ಬಂದು ನಿಂತಿತು. ನಾದಿನಿ ಇಳಿದವಳೇ ಹೊಸಲಿನ ಮೇಲೆ ಬಿದ್ದು ಹಾಡಿಕೊಂಡು ಅಳೋಕೆ ಶುರು ಮಾಡಿದಳು. ಹಿಂದೆ ಅವಳ ಗಂಡ ಹೂವಿನ ಹಾರ ಹಿಡಿದು ನಿಂತಿದ್ದ. ನನಗೆ ಮೊದಲು ತಲೆಬುಡ ತಿಳೀಲಿಲ್ಲ. ಯಾರು ಹೋದರು ಅಂತ ಕೇಳೋಣ ಅನ್ನೋದರೊಳಗೆ, 'ಉಪ್ಪಿನಕಾಯಿ ಹಾಕ್ಕೊಡ್ತಿದ್ಯಲ್ಲವ್ವಾ, ಬಾಣಂತನ ಮಾಡಿದ್ಯಲ್ಲವ್ವಾ' ಅಂದಳು. ಅಯ್ಯೋ, ಇವಳು ಅತ್ತೆ ಸತ್ತರು ಅಂದ್ಕೊಂಡವಳೆ ಅಂತ ಆಗ ಗೊತ್ತಾಯ್ತು.

ತಕ್ಷಣ ನಿಲ್ಲಿಸಬೇಕಾಗಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವಳು, 'ಸ್ಪ್ರಿಂಗ್ ಹಾಸಿಗೆ ಐತೆ ಅಂತ ನಿಂಗೆ ಸುಳ್ಳು ಹೇಳಿದ್ನಲ್ಲವ್ವಾ' ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ಇಂಥದ್ದನ್ನ ಅರ್ಧಕ್ಕೆ ನಿಲ್ಲಿಸೋಕೆ ಯಾರಿಗೆ ಮನಸ್ಸು ಬರುತ್ತೆ?

'ಅತ್ತಿಗೆಗೆ ಹೊಟ್ಟೆ ಉರೀಲಿ ಅಂತ ಹೇಳಿದ್ನಲ್ಲವ್ವಾ... ಫೋಟೋ ಪಕ್ಕದ ಮನೇದು ಕಳ್ಸಿದ್ನಲ್ಲವ್ವಾ... ನಾವೇ ಚಾಪೆ ಮೇಲೆ ಮನೀಕೊತೀವಲ್ಲವ್ವಾ...'

ಹಿತ್ತಿಲ ಬಾಗಿಲಿಂದ ಅತ್ತೆ ಬಂದರು, ಒಂದು ಕೈಯಲ್ಲಿ ಮೊರ, ಇನ್ನೊಂದು ಕೈ ಗೋಡೆಗೆ. ನಾದಿನಿ ಬಾಯಿ ತೆರೆದದ್ದು ಹಂಗೇ ನಿಂತಿತು. ಅಳಿಯ ಹಾರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅತ್ತೆ ಕುರ್ಚಿ ಎಳೆದು ಮಗಳ ಎದುರಿಗೆ ಕೂತರು, ಮೊರ ತೊಡೆ ಮೇಲಿಟ್ಟುಕೊಂಡರು, ನನ್ನ ಕಡೆ ತಿರುಗಿ, 'ಆ ಬ್ಯಾಗಿಂದ ನನ್ನ ಸೀರೆ ತೆಗೆದು ಬೀರುಗೆ ಇಡವ್ವಾ, ನಾನೆಲ್ಲೂ ಹೋಗಲ್ಲ' ಅಂದರು. ನನ್ನ ಜೀವ ತಣ್ಣಗಾಯ್ತು.

ನಾದಿನಿ ಸೆರಗಲ್ಲಿ ಕಣ್ಣು ಒರೆಸ್ಕೊಂಡು ಮೆಲ್ಲಗೆ ಏಳೋಕೆ ಹೋದಳು.

'ಏಳಬ್ಯಾಡ, ಕುಂತ್ಕೋ' ಅಂದರು ಅತ್ತೆ. 'ಇನ್ನೊಂಚೂರು ಅಳು. ಇನ್ನೂ ಏನೇನು ಸುಳ್ಳು ಹೇಳಿದ್ದೀಯೋ, ಎಲ್ಲಾ ಈಚೆಗೆ ಬರ್ಲಿ.'